ಶ್ರೀರಂಗಪಟ್ಟಣದ ಜಯಮ್ಮ ಮತ್ತು ಗಡ್ಡದ ಮಹನೀಯರು

ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುವ ಒಂದು ಬಟ್ಟೆ ಇದೆ. ಅದರ ತುಂಬ ಹತ್ತೊಂಬತ್ತನೇ ಶತಮಾನದ ಮಹಾ ಸಾಹಿತಿಗಳ ಮುಖಗಳು. ರಷ್ಯದವರು, ಫ್ರಾನ್ಸಿನವರು, ಇಂಗ್ಲೆಂಡಿನವರು, ಮೂಲೆಯಲ್ಲಿ ಒಂದಿಬ್ಬರು ಅಮೆರಿಕದವರು. ಅಮೆರಿಕದಲ್ಲಿ ನಾವಿರುವ ರಾಕ್‌ವಿಲ್ಲಿನ ಲೈಬ್ರರಿಯಲ್ಲಿ ಹಳೇ ಪುಸ್ತಕ ಮಾರುವ ದಿನ ಕೊಂಡದ್ದು. ಆಗ ಪ್ರತಿ ಮುಖದ ಕೆಳಗೂ ಹೆಸರಿತ್ತು. ಒಗೆದು ಒಗೆದು ಹೆಸರುಗಳೆಲ್ಲ ಹೋಗಿ ಗಡ್ಡಗಳಷ್ಟೇ ಉಳಿದಿವೆ. ನಮ್ಮನೆಯವರು ಬಾಣಲೆ ಒರೆಸುವಾಗ "ಇವತ್ತು ಯಾರ ಮುಖಕ್ಕೆ ಎಣ್ಣೆ ಮೆತ್ತಿತು ನೋಡೇ" ಅಂತಾರೆ. ನಾನು ಅಂದಾಜಿನ ಮೇಲೆ "ರಷ್ಯದವನಿಗೆ" ಅಂದುಬಿಡ್ತೀನಿ. ಗಡ್ಡ ಉದ್ದ ಇದ್ದರೆ ರಷ್ಯ, ಅಷ್ಟೇ ನನ್ನ ವಿದ್ವತ್ತು.

ಅಮ್ಮ ಅದನ್ನು ಮೊದಲ ಸಲ ನೋಡಿದಾಗ ಕನ್ನಡಕ ಏರಿಸಿಕೊಂಡು, "ಇದೇನೇ, ಎಲ್ಲರೂ ಕ್ಷೌರದಂಗಡಿಯವನ ಹತ್ತಿರ ಜಗಳ ಆಡ್ಕೊಂಡು ಬಂದ ಹಾಗಿದಾರೆ!" ಅಂದಿದ್ದಳು. ದೊಡ್ಡ ಸಾಹಿತಿಗಳಮ್ಮಾ ಅಂದೆ. "ಹಾಗಾದ್ರೆ ಇವರ ಮುಖದಲ್ಲಿ ಯಾಕೆ ಎಂಜಲು ಪಾತ್ರೆ ಒರೆಸ್ತೀಯ, ಪಾಪ" ಅಂತ ಅದನ್ನು ತೊಳೆದು, ಮಡಿಸಿ, ದೇವರ ಗೂಡಿನ ಪಕ್ಕ ಇಟ್ಟಳು. ನಾನು ಆಮೇಲೆ ಸದ್ದಿಲ್ಲದೆ ವಾಪಸು ತಂದುಕೊಂಡೆ.

ಆ ಮಹನೀಯರ ಹೆಸರು ಒಂದನ್ನೂ ನಾನಿಲ್ಲಿ ಬರೆಯೋದಿಲ್ಲ, ಬೇಜಾರು ಮಾಡ್ಕೋಬೇಡಿ. ಹೆಸರಿನ ವಿಷಯದಲ್ಲಿ ಒಂದು ಸಲ ಬೆಂದಿದ್ದೀನಿ. ತೊಂಬತ್ತರ ದಶಕದಲ್ಲಿ ನಾವು ರಾಕ್‌ವಿಲ್ಲಿಗೆ ಹೊಸದಾಗಿ ಬಂದಾಗ ಇವರು ಆಫೀಸಿಗೆ, ಮಗಳು ಸ್ಕೂಲಿಗೆ, ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಮನೆಯಲ್ಲಿ ಗೋಡೆ ನೋಡಿಕೊಂಡು ಕೂರೋದು ಸಾಕಾಗಿ ಲೈಬ್ರರಿಯ ಪುಸ್ತಕದ ಗುಂಪು ಸೇರಿದೆ. ವಾರಕ್ಕೊಮ್ಮೆ ಸೇರುವ ಒಂದಷ್ಟು ವಯಸ್ಸಾದ ಹೆಂಗಸರು. ಅವರ ಮುಂದಾಳು ಮಾರ್ಗರೆಟ್, ರಿಟೈರ್ ಆದ ಟೀಚರ್, ಬೆಳ್ಳಗಿನ ಕೂದಲು, ಯಾರು ಏನೇ ಹೇಳಿದರೂ ತಲೆಯಾಡಿಸುವ ಸಾಧ್ವಿ. ಮೊದಲ ವಾರವೇ ನಾನು ಫ್ರಾನ್ಸಿನ ಒಬ್ಬ ಕಾದಂಬರಿಕಾರನ ಬಗ್ಗೆ ಉತ್ಸಾಹದಿಂದ ಮಾತಾಡಿದೆ. ಮೈಸೂರಿನಲ್ಲಿ ನಾವು ಅವನ ಹೆಸರಿನಲ್ಲಿ ಫ್ರೆಂಚರು ನುಂಗುವ ಒಂದಕ್ಷರವನ್ನೂ ಬಿಡದೆ ಉಚ್ಚರಿಸುತ್ತಿದ್ದೆವು, ಬರೆದಿರೋದನ್ನ ಓದದೇ ಬಿಟ್ಟರೆ ಅಚ್ಚು ಹಾಕಿದವನಿಗೆ ಅವಮಾನ ಅನ್ನೋ ಹಾಗೆ. ಎಲ್ಲರೂ ಭಕ್ತಿಯಿಂದ ಕೇಳಿದರು. ಕೊನೆಗೆ ಮಾರ್ಗರೆಟ್, "ತುಂಬಾ ಚೆನ್ನಾಗಿ ಹೇಳಿದಿರಿ, ಈತ ನಿಮ್ಮ ಊರಿನ ಕಡೆಯವರಾ?" ಅಂತ ಕೇಳಿದರು.

ರಷ್ಯದವರ ಕಥೆ ಇನ್ನೂ ಕಷ್ಟ. ಒಬ್ಬನಿಗೆ ಅಪ್ಪನ ಹೆಸರು ಸೇರಿಸಿ ಒಂದು, ಮನೆತನದ್ದು ಒಂದು, ಮುದ್ದಿನದು ಒಂದು. ನಾನು ಒಂದು ಇಡೀ ಕಾದಂಬರಿಯನ್ನು ನಾಯಕಿಯ ಹಿಂದೆ ಮೂವರು ಗಂಡಸರು ಬಿದ್ದಿದ್ದಾರೆ ಅಂದುಕೊಂಡೇ ಓದಿ ಮುಗಿಸಿ, ಗುಂಪಿನಲ್ಲಿ ಗಂಭೀರವಾಗಿ, "ಆ ಮೂವರಲ್ಲಿ ಎರಡನೆಯವನೇ ವಾಸಿ, ಅವನನ್ನ ಮದುವೆ ಆಗಬೇಕಿತ್ತು" ಅಂದೆ. ಇದ್ದವನು ಒಬ್ಬನೇ. ನಮ್ಮ ಸೋದರಮಾವ ಬ್ಯಾಂಕಿನಲ್ಲಿ ವೆಂಕಟಸುಬ್ಬಯ್ಯ, ಮನೆಯಲ್ಲಿ ಸುಬ್ಬು, ಬೀದಿಯ ಮಕ್ಕಳಿಗೆ ಬೊಂಬಾಯಿಮಾಮ. ಅವರನ್ನು ಎಂದೂ ಮೂವರು ಅಂದುಕೊಳ್ಳದ ನನಗೆ ರಷ್ಯದವನ ವಿಷಯದಲ್ಲಿ ಯಾಕೆ ತಲೆ ಓಡಲಿಲ್ಲವೋ ಕಾಣೆ.

ಎಲ್ಲಿಂದ ಎಲ್ಲಿಗೋ ಹೋದೆ. ಹೇಳಬೇಕು ಅಂತಿದ್ದದ್ದು ಅಮ್ಮನ ಕಾದಂಬರಿ ವಿಷಯ.

ನಮ್ಮಮ್ಮ ಒಂದು ಕಾದಂಬರಿ ಬರೆದಿದ್ದಳು. ಒಂದೇ ಒಂದು. ನಾನು ಹುಟ್ಟುವ ಮುಂಚೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಅಪ್ಪ ಆ ಹಾಳೆಗಳನ್ನು ಕತ್ತರಿಸಿ, ಮೈದಾ ಅಂಟು ಕಾಯಿಸಿ ಹಚ್ಚಿ, ಖಾಕಿ ರಟ್ಟು ಹಾಕಿ ಕಟ್ಟಿಟ್ಟಿದ್ದರು. ಅಂಟಿನ ರುಚಿ ಹತ್ತಿದ ಜಿರಲೆಗಳೇ ಅದರ ಮೊದಲ ವಿಮರ್ಶಕರು. ಆದರೂ ಮೈಸೂರಿನ ಇಟ್ಟಿಗೆಗೂಡಿನ ನಮ್ಮ ಬೀದಿಯಲ್ಲಿ ಅಮ್ಮನಿಗೆ ಅದರಿಂದ ಬಂದ ಮರ್ಯಾದೆ ಸಣ್ಣದಲ್ಲ. ಹಾಲಿನ ನಂಜಮ್ಮನೂ "ಕಾದಂಬರಿ ಅಮ್ಮಾವ್ರ ಮನೆ" ಅಂತಲೇ ಗುರುತು ಹೇಳುತ್ತಿದ್ದಳು. ನನಗೂ ಜಂಬ. ಕ್ಲಾಸಿನಲ್ಲಿ ಬೇರೆಯವರ ಅಮ್ಮಂದಿರು ಚಕ್ಕುಲಿ ಮಾಡಿದರೆ ನಮ್ಮಮ್ಮ ಕಾದಂಬರಿ ಮಾಡ್ತಾಳೆ ಅಂತ.

ಕಥೆ ಇಷ್ಟು. ನಂಜನಗೂಡಿನ ಹೊಳೆದಂಡೆಯಲ್ಲಿ ಸಾವಿತ್ರಿ ಅನ್ನೋಳು ಊಟದ ಮನೆ ನಡೆಸುತ್ತಾಳೆ. ಗಂಡ ಚಿಕ್ಕ ವಯಸ್ಸಿನಲ್ಲೇ ಬಿಟ್ಟು ಹೋದವನು. ಎಷ್ಟೋ ವರ್ಷ ಕಳೆದು, ಮಳೆಯ ಒಂದು ಮಧ್ಯಾಹ್ನ, ಬೇರೆ ಹೆಂಡತಿ ಮಕ್ಕಳ ಜೊತೆ ಬಂದು ಅವಳ ಮನೆಯಲ್ಲೇ ಊಟಕ್ಕೆ ಕೂರುತ್ತಾನೆ. ಅವನಿಗೆ ಗುರುತಿಲ್ಲ. ಅವಳಿಗೂ ಇಲ್ಲ, ಅವನು ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಎಡಗಡೆಯಿಂದ ಬಲಗಡೆಗೆ ಸರಿಸುವವರೆಗೆ. ಅವಳು ಮಾತಾಡದೆ ಅನ್ನ ಬಡಿಸುತ್ತಾಳೆ. ಅವನು ಕೈತೊಳೆದು "ಊಟ ಚೆನ್ನಾಗಿತ್ತು ತಾಯಿ" ಅಂತ ಹೊರಡುತ್ತಾನೆ. ಈ ಜಾಗ ಬಂದಾಗಲೆಲ್ಲ ನಮ್ಮ ಬೀದಿಯ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಂಜಮ್ಮ ಮಾತ್ರ "ಬಿಸಿ ಸಾರು ತಲೆ ಮ್ಯಾಲೆ ಸುರೀಬೇಕಿತ್ತು ಅವ್ನಿಗೆ" ಅನ್ನುತ್ತಿದ್ದಳು.

ಇನ್ನೊಂದು ಬರಿಯಮ್ಮಾ ಅಂದರೆ ಅಮ್ಮ, "ಒಂದರಲ್ಲೇ ಪಾಪ ಕಟ್ಕೊಂಡಿದೀನಿ, ಸಾಕು" ಅನ್ನುತ್ತಿದ್ದಳು. ಎರಡನೆಯದಕ್ಕೆ ಅಂತ ಅಪ್ಪ ತಂದಿಟ್ಟ ಕಾಗದವೆಲ್ಲ ನಮ್ಮ ಲೆಕ್ಕದ ಪಾಠಕ್ಕೆ ಖರ್ಚಾಯಿತು. ಪಾಪ ಯಾವುದು ಅಂತ ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ.

ಅಮ್ಮ ಹೈಸ್ಕೂಲಿನಲ್ಲಿದ್ದಾಗ ಅವರಿಗೆ ಹೊಲಿಗೆ ಕಲಿಸಲು ಒಬ್ಬ ಮಿಸ್ ಇದ್ದರಂತೆ. ಹುಡುಗಿಯರು ಕರವಸ್ತ್ರದ ಅಂಚು ಮಡಿಸಿ ಹೊಲಿಯುತ್ತಿದ್ದರೆ ಮಿಸ್ ಕಥೆ ಹೇಳುತ್ತಿದ್ದರು. ಶ್ರೀರಂಗಪಟ್ಟಣದ ಜಯಮ್ಮನ ಕಥೆ ಹೇಳಿದ್ದು ಹಾಗೇ, ತಿಂಗಳುಗಟ್ಟಲೆ, ತುಂಡು ತುಂಡಾಗಿ. "ನಮಗೆ ಬೇಕಾದೋಳು ಒಬ್ಬಳಿದ್ದಳು" ಅಂತಲೇ ಶುರು ಮಾಡುತ್ತಿದ್ದರಂತೆ. ಹುಡುಗಿಯರೆಲ್ಲ ಜಯಮ್ಮ ಮಿಸ್ ಅವರ ಅಕ್ಕನೋ ತಂಗಿಯೋ ಅಂತ ತೀರ್ಮಾನ ಮಾಡಿದ್ದರು. ಅಮ್ಮ ಮುಂದೆ ಅದನ್ನೇ ಕಾದಂಬರಿ ಮಾಡಿದಳು. ಆ ಸಂಸಾರದ ಮಾನ ಹೋಗಬಾರದು ಅಂತ ಜಯಮ್ಮನನ್ನು ಸಾವಿತ್ರಿ ಮಾಡಿದಳು, ಶ್ರೀರಂಗಪಟ್ಟಣವನ್ನು ನಂಜನಗೂಡು ಮಾಡಿದಳು, ಕಾವೇರಿಯನ್ನು ಕಪಿಲೆ ಮಾಡಿದಳು. ಅಷ್ಟು ಹುಷಾರು.

ಕಾದಂಬರಿ ಮುಗಿದ ಹೊಸದರಲ್ಲಿ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮಿಸ್ ಎದುರಾದರು. ಅಮ್ಮ ನಮಸ್ಕಾರ ಮಾಡಿದಳು. ಮಿಸ್ ಮುಖ ಆ ಕಡೆ ತಿರುಗಿಸಿಕೊಂಡು ಹೋದರು. ಅಷ್ಟೇ ಆದದ್ದು. ಅಮ್ಮ ಹೂವೂ ತರದೆ ಮನೆಗೆ ಬಂದಳು. ಒಂದು ನಿಜವಾದ ಹೆಂಗಸಿನ ಹೊಟ್ಟೆಯ ಸಂಕಟವನ್ನು ಬೀದಿಗೆ ಹಾಕಿ ಹೆಸರು ಮಾಡಿಕೊಂಡೆ ಅಂತ ಅವಳ ಮನಸ್ಸಿಗೆ ಹತ್ತಿಬಿಟ್ಟಿತು. ಆಮೇಲೆ ಅವಳು ಬರೆದದ್ದು ಸಾಮಾನಿನ ಚೀಟಿ, ಮದುವೆಯ ಕರೆಯೋಲೆ, ಅಷ್ಟೇ.

ಅಷ್ಟಕ್ಕೇ ಬಿಡಲಿಲ್ಲ. ಒಂದು ಸಲ ಶ್ರೀರಂಗಪಟ್ಟಣಕ್ಕೆ ಹೋಗಿ, ಹೊಳೆ ಹತ್ತಿರ ಊಟದ ಮನೆ ನಡೆಸುವ ಜಯಮ್ಮ ಅನ್ನೋರು ಯಾರಾದರೂ ಇದ್ದಾರಾ ಅಂತ ವಿಚಾರಿಸಿದಳು. ನಮ್ಮ ಕಡೆ ಜಯಮ್ಮ ಸಿಗದ ಬೀದಿ ಯಾವುದಿದೆ ಹೇಳಿ? ಸಿಕ್ಕಳು. ಅಮ್ಮ ಹೋಗಿ ಕಾಲಿಗೆ ಬಿದ್ದು "ತಪ್ಪಾಯ್ತು, ಕ್ಷಮಿಸಿಬಿಡಿ" ಅಂದಳಂತೆ. ಆ ಹೆಂಗಸು ಕಕ್ಕಾಬಿಕ್ಕಿಯಾಗಿ, "ಏಳಮ್ಮಾ, ಬಿಸಿಲಲ್ಲಿ ಬಂದಿದೀಯ" ಅಂತ ಒಂದು ಲೋಟ ಮಜ್ಜಿಗೆ ಕೊಟ್ಟಳಂತೆ. ಒಂದು ಮಾತು ಬೈಯಲಿಲ್ಲ, ಅದೇ ತನಗೆ ಇನ್ನೂ ಚುಚ್ಚುತ್ತೆ ಅಂತ ಅಮ್ಮ ಹೇಳಿದಾಗ ನನಗೂ ಕಣ್ಣು ತುಂಬಿತ್ತು.

ಈಗ ವಾಪಸು ರಾಕ್‌ವಿಲ್ಲಿಗೆ ಬನ್ನಿ. ಅಮ್ಮ ನಮ್ಮ ಜೊತೆ ಆರು ತಿಂಗಳು ಇರೋಣ ಅಂತ ಬಂದಿದ್ದ ಚಳಿಗಾಲ. ಪುಸ್ತಕದ ಗುಂಪಿನಲ್ಲಿ ಆ ವಾರ ಒಬ್ಬ ರಷ್ಯದವನ ಕಥೆಗಳು. ಬಟ್ಟೆಯ ಮೇಲೆ ಬರುವಷ್ಟು ದೊಡ್ಡವನೇನಲ್ಲ, ದೊಡ್ಡವರ ಪಕ್ಕದಲ್ಲಿ ನಿಂತು ಮರೆಯಾದವನು. ಮಾರ್ಗರೆಟ್ ಒಂದು ಕಥೆಯನ್ನು ಗಟ್ಟಿಯಾಗಿ ಓದಿದರು. ಹಿಮ ಸುರಿಯುತ್ತಿದೆ. ದಾರಿಬದಿಯ ಛತ್ರ. ನಡೆಸುವವಳು ಒಬ್ಬಳೇ ಹೆಂಗಸು. ಒಬ್ಬ ದಪ್ಪ ಮನುಷ್ಯ ಹೆಂಡತಿ ಮಕ್ಕಳ ಜೊತೆ ಒಳಗೆ ಬರುತ್ತಾನೆ. ಎಲೆಕೋಸಿನ ಸೂಪು ಬಡಿಸುತ್ತಾಳೆ. ಅವನು ಉಪ್ಪಿನ ಬಟ್ಟಲನ್ನು ಬೆರಳಿನಿಂದ ಎಡಗಡೆಯಿಂದ ಬಲಗಡೆಗೆ ಸರಿಸುತ್ತಾನೆ.

ಮೊದಲು ಬಂದ ಯೋಚನೆ ಹೇಳಿದರೆ ನಗ್ತೀರಿ: ಈ ಗಡ್ಡದವನು ನಮ್ಮಮ್ಮನ ಕಾದಂಬರಿ ಕದ್ದಿದಾನೆ! ಎದ್ದು ನಿಂತು ಇಂಗ್ಲಿಷಿನಲ್ಲಿ "ಇದು ನನ್ನ ಅಮ್ಮನ ಕಥೆ!" ಅಂದೆ. ಮಾರ್ಗರೆಟ್ ಪುಸ್ತಕ ಕೆಳಗಿಟ್ಟು ಬಂದು ನನ್ನ ಕೈ ಹಿಡಿದು, "ಅಯ್ಯೋ ಮಗೂ, ನಿಮ್ಮ ತಂದೆ ಬಿಟ್ಟುಹೋಗಿದ್ದರಾ?" ಅಂದರು. ನಾನು ಅಲ್ಲ ಅಲ್ಲ ಅನ್ನುವಷ್ಟರಲ್ಲಿ ಇನ್ನೊಬ್ಬಾಕೆ ಬೆನ್ನು ಸವರಿದರು. ಆಫೀಸು ಬಿಟ್ಟರೆ ಮನೆ, ಮನೆ ಬಿಟ್ಟರೆ ಆಫೀಸು ಅಂತ ಬದುಕು ಮುಗಿಸಿದ ನಮ್ಮಪ್ಪ ಆ ದಿನ ಅಮೆರಿಕದಲ್ಲಿ ಹೆಂಡತಿಯನ್ನು ಬಿಟ್ಟುಹೋದ ಗಂಡನಾದರು. ಮುಂದಿನ ವಾರ ನನಗೆ ಅಂತಲೇ ಯಾರೋ ಬಾಳೆಹಣ್ಣಿನ ಕೇಕ್ ಮಾಡಿ ತಂದಿದ್ದರು. ತಿಂದೆ. ಇನ್ನೇನು ಮಾಡಲಿ?

ಕಥೆ ಕೇಳಿದ ದಿನ ಮನೆಗೆ ಬರುವ ಹೊತ್ತಿಗೆ, ಪುಸ್ತಕದಲ್ಲಿದ್ದ ಇಸವಿ ನೋಡಿ, ಲೆಕ್ಕ ಗೊತ್ತಾಗಿತ್ತು. ಆ ರಷ್ಯದವನು ಅಮ್ಮ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಸತ್ತವನು. ಕದ್ದಿದ್ದರೆ ಅಮ್ಮನೇ ಕದ್ದಿರಬೇಕು. ಆದರೆ ಅಮ್ಮನಿಗೆ ಇಂಗ್ಲಿಷ್ ಕಾದಂಬರಿ ಓದುವಷ್ಟು ಬರೋದಿಲ್ಲ. ಮಿಸ್ ಓದಿದ್ದರು ಅಂತಾದರೆ ಜಯಮ್ಮ ಇರಲೇ ಇಲ್ಲ. ಜಯಮ್ಮ ಇರಲಿಲ್ಲ ಅಂದರೆ ಅಮ್ಮ ಯಾರಿಗೆ ದ್ರೋಹ ಮಾಡಿದಳು? ಈ ಸುತ್ತಿನಲ್ಲಿ ನಾನು ಎರಡು ಸಲ ಮೈಕ್ರೋವೇವಿನಲ್ಲಿ ಖಾಲಿ ಬಟ್ಟಲು ಬಿಸಿ ಮಾಡಿದೆ.

ಇದು ಸಾಲದು ಅಂತ ಅದೇ ಸಂಜೆ ಮೂರ್ತಿಯವರ ಫೋನು. ಮೂರ್ತಿಯವರು ನಮ್ಮ ಕಡೆಯ ಕನ್ನಡಿಗರ ಸಂಘಕ್ಕೆ ಆ ವರ್ಷದ ಅಧ್ಯಕ್ಷರು. "ನಿಮ್ಮ ತಾಯಿ ಕಾದಂಬರಿಕಾರ್ತಿ ಅಂತ ಈಗ ಗೊತ್ತಾಯ್ತು ನೋಡಿ! ಯುಗಾದಿ ಪ್ರೋಗ್ರಾಮಲ್ಲಿ ಸನ್ಮಾನ ಇಟ್ಕೊಂಡಿದೀವಿ. ಶಾಲು ಎಲ್ಲಾ ಅರೇಂಜ್ ಮಾಡಾಗಿದೆ, ಬೇಡ ಅನ್ನಬಾರ್ದು."

ಅಮ್ಮನ ಮುಖ ನೀವು ನೋಡಬೇಕಿತ್ತು. ಬೇಡ ಬೇಡ ಅಂತಲೇ ಪೆಟ್ಟಿಗೆ ತೆಗೆದು ಜರಿ ಸೀರೆ ಹೊರಗೆ ಇಟ್ಟಳು. ಎಷ್ಟೋ ವರ್ಷದ ಮೇಲೆ ಅವಳನ್ನ ಯಾರೋ ಬರಹಗಾರ್ತಿ ಅಂತ ಕರೆದಿದ್ದರು. ನಾನು ಹೇಳಿದರೆ ಅವಳ ತಲೆ ಮೇಲಿನ ಪಾಪ ಇಳಿಯುತ್ತೆ, ಆದರೆ ಕಾದಂಬರಿಯೂ ಹೋಗುತ್ತೆ. ಹೇಳದಿದ್ದರೆ ಶಾಲು ಉಳಿಯುತ್ತೆ, ಪಾಪವೂ ಉಳಿಯುತ್ತೆ. ಇವರನ್ನು ಕೇಳಿದೆ. "ಸನ್ಮಾನ ಆದ್ಮೇಲೆ ಹೇಳು" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು "ಮುಂಚೆನೇ ಹೇಳು" ಅಂದರು. ಗಂಡಂದಿರ ಸಲಹೆ ಇಷ್ಟೇ.

ಮನಸ್ಸು ತಡೆಯಲಿಲ್ಲ. ಮಾರನೇ ದಿನ ಅಮ್ಮ ಊಟದ ಮೇಜಿನ ಹತ್ತಿರ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಪುಸ್ತಕ ತಂದು ಎದುರು ಕೂತೆ.

"ಅಮ್ಮಾ, ಒಂದು ಕಥೆ ಓದಿ ಹೇಳ್ಲಾ?"

"ಹೇಳು. ಕೈ ಖಾಲಿ ಇಲ್ಲ, ಕಿವಿ ಖಾಲಿ ಇದೆ."

"ಹೊರಗೆ ಹಿಮ ಬೀಳ್ತಿರುತ್ತೆ..."

"ಹಿಮ ಅಲ್ಲ, ಮಳೆ" ಅಂದಳು ಅಮ್ಮ, ತಲೆ ಎತ್ತದೆ. ಕಥೆ ಅಂದರೆ ಅವಳಿಗೆ ಮಳೆಯೇ, ಅಭ್ಯಾಸಬಲ. ನಾನು ಮುಂದೆ ಹೋದೆ. ಛತ್ರ, ದಪ್ಪ ಮನುಷ್ಯ, ಹೆಂಡತಿ, ಮಕ್ಕಳು. ಅಮ್ಮನ ಕೈ ನಿಂತಿತು. ಉಪ್ಪಿನ ಬಟ್ಟಲಿಗೆ ಬರುವಷ್ಟರಲ್ಲಿ ಅವಳ ಮುಖ ಅರಳಿಬಿಟ್ಟಿತು.

"ಇದು ನಂದಲ್ವೇನೇ! ಇಂಗ್ಲಿಷಿಗೆ ಮಾಡ್ಬಿಟ್ಟಿದಾರಾ? ಒಂದು ಮಾತು ನನ್ನನ್ನ ಕೇಳ್ದೇನೇ?"

ಅಯ್ಯೋ ದೇವರೇ, ಈ ಒಂದು ದಿಕ್ಕನ್ನ ಮಾತ್ರ ನಾನು ಯೋಚಿಸಿರಲಿಲ್ಲ. ಪುಸ್ತಕ ಮುಚ್ಚಿದೆ.

"ಇಲ್ಲಮ್ಮಾ. ಇದನ್ನ ಬರೆದೋನು ರಷ್ಯದೋನು. ನೀನು ಹುಟ್ಟೋಕೆ ತುಂಬಾ ಮುಂಚೆ. ಮಿಸ್ ಇದನ್ನೇ ಎಲ್ಲೋ ಓದಿರಬೇಕು. ನಿಮಗೆ ಅರ್ಥ ಆಗ್ಲಿ ಅಂತ ಹೆಸರು ಬದಲಾಯ್ಸಿ ಹೇಳಿದಾರೆ."

"ಹಾಗಾದ್ರೆ ಜಯಮ್ಮ?"

"ಜಯಮ್ಮ ಇರ್ಲೇ ಇಲ್ಲಮ್ಮಾ."

"ಹುಚ್ಚಿ. ಅವಳು ನಂಗೆ ಮಜ್ಜಿಗೆ ಕೊಟ್ಟಳಲ್ಲೇ!"

ಅಮ್ಮ ಹುರುಳಿಕಾಯಿಯನ್ನೂ ನಾರನ್ನೂ ಒಂದೇ ತಟ್ಟೆಗೆ ಹಾಕುತ್ತಾ ಹೋದಳು. ಮಿಸ್ ಮುಖ ತಿರುಗಿಸಿದ್ದು ಯಾಕೆ ಹಾಗಾದ್ರೆ ಅಂತ ಕೇಳಿದಳು. ಪುಸ್ತಕದ ಕಥೆ ಅನ್ನೋ ಗುಟ್ಟು ಹೊರಗೆ ಬೀಳುತ್ತೆ ಅಂತ ಹೆದರಿದರೋ ಏನೋ ಅಂದೆ. ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿ, "ಮಿಸ್‌ಗೆ ಕಣ್ಣು ಮಂಜು ಇತ್ತು ಕಣೆ. ಸೂಜಿಗೆ ದಾರ ಪೋಣಿಸೋಕೂ ನಮ್ಮ ಕೈಗೇ ಕೊಡ್ತಿದ್ರು. ನನ್ನನ್ನ ನೋಡ್ಲೇ ಇಲ್ವೇನೋ" ಅಂದಳು. ಅಷ್ಟು ಮೆತ್ತಗೆ ಅಂದಳು, ನನಗೆ ಅಳು ಬಂತು. ಅವಳು ಅಳಲಿಲ್ಲ. ಎದ್ದು ಹೋಗಿ ಜರಿ ಸೀರೆಯನ್ನು ಮತ್ತೆ ಪೆಟ್ಟಿಗೆಯೊಳಗಿಟ್ಟಳು.

ಆದರೆ ಮೂರ್ತಿಯವರಿಗೆ ಬರೋದಿಲ್ಲ ಅಂತ ಹೇಳಲು ಒಪ್ಪಲಿಲ್ಲ. "ಬರ್ತೀನಿ. ಬಂದು ನಿಜ ಹೇಳ್ತೀನಿ. ಇದೂ ಸುಳ್ಳಾಗಿ ಉಳಿಯೋದು ಬೇಡ." ಹಾಗೇ ಯುಗಾದಿಯ ಶನಿವಾರ, ಎಲಿಕಾಟ್ ಸಿಟಿಯ ಒಂದು ಶಾಲೆಯ ಹಾಲಿಗೆ ನಾವೆಲ್ಲ ಹೋದೆವು. ಅಮ್ಮ ಮನೆಯಲ್ಲಿ ಉಡುವ ವಾಯಿಲ್ ಸೀರೆಯಲ್ಲೇ ಬಂದಳು. ಬಿಸಿಬೇಳೆಬಾತಿನ ದೊಡ್ಡ ದೊಡ್ಡ ಟ್ರೇಗಳು ಬಾಗಿಲಲ್ಲೇ ಘಮ್ ಅನ್ನುತ್ತಿದ್ದವು. ಮಕ್ಕಳ ಡ್ಯಾನ್ಸು ಮುಗಿಯಿತು, ಕಾರ್ಯದರ್ಶಿ ವರದಿ ಮುಗಿಯಿತು, ಆಮೇಲೆ ಅಮ್ಮನನ್ನು ಸ್ಟೇಜಿಗೆ ಕರೆದರು. ಶಾಲು ಹೊದೆಸಲು ಬಂದ ಮೂರ್ತಿಯವರನ್ನು ಅಮ್ಮ ಕೈ ಅಡ್ಡ ಹಿಡಿದು ತಡೆದು, ಮೈಕಿನ ಮುಂದೆ ನಿಂತಳು.

"ಎಲ್ರಿಗೂ ನಮಸ್ಕಾರ. ಈ ಕಾದಂಬರಿ ನಂದಲ್ಲ."

ಮುಂದಿನ ಸಾಲಿನಿಂದ ಯಾರೋ "ಆಹಾ!" ಅಂದರು. ಚಪ್ಪಾಳೆ.

"ಅಲ್ಲ, ನಿಜವಾಗ್ಲೂ ನಾನು ಬರೆದಿದ್ದಲ್ಲ. ಇದನ್ನ ಬರೆದೋನು ಒಬ್ಬ ರಷ್ಯದೋನು, ಗಡ್ಡದೋನು."

ಹಾಲೆಲ್ಲ ಗೊಳ್ಳೆಂದು ನಕ್ಕಿತು. ಇನ್ನೂ ಜೋರು ಚಪ್ಪಾಳೆ. ಅಮ್ಮ ದಿಕ್ಕು ತೋಚದೆ ನನ್ನ ಕಡೆ ನೋಡಿದಳು. ಮೂರ್ತಿಯವರು ಮೈಕಿಗೆ ಬಾಗಿ, "ನೋಡಿ, ಇದು ನಮ್ಮ ಸಂಸ್ಕಾರ! ಇಷ್ಟು ದೊಡ್ಡ ಕೆಲಸ ಮಾಡಿ ನಾನು ಮಾಡಿದ್ದಲ್ಲ ಅಂತಾರೆ. ಈ ವಿನಯ, ಈ ಹಾಸ್ಯಪ್ರಜ್ಞೆ, ಇಲ್ಲಿ ಬೆಳೀತಿರೋ ನಮ್ಮ ಮಕ್ಕಳಿಗೂ ಬರಬೇಕು" ಅಂತ ಗದ್ಗದಿತರಾಗಿ ಶಾಲು ಹೊದೆಸಿಯೇಬಿಟ್ಟರು. ಫೋಟೋ ತೆಗೆದರು. ಆ ಫೋಟೋದಲ್ಲಿ ಅಮ್ಮ ಬಾಯಿ ತೆರೆದಿದ್ದಾಳೆ, ಇನ್ನೂ ಏನೋ ಹೇಳುತ್ತಿದ್ದಾಳೆ. ನನ್ನ ಪಕ್ಕ ಕೂತಿದ್ದ ಆಂಟಿಯೊಬ್ಬರು ಕಣ್ಣೊರೆಸಿಕೊಂಡು, "ನಿಮ್ಮಮ್ಮ ಎಷ್ಟು ಸಿಂಪಲ್ ಕಣ್ರೀ" ಅಂದರು. ನಾನು ನಗಲೋ ಎದ್ದು ಕೂಗಲೋ ತಿಳಿಯದೆ ಹೂಂ ಅಂದೆ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು. ಇವರು ಡ್ರೈವ್ ಮಾಡುತ್ತಿದ್ದರು, ಮಗಳು ಮುಂದೆ ನಿದ್ದೆ ಹೋಗಿದ್ದಳು. ಅಮ್ಮನನ್ನು ನಗಿಸೋಣ ಅಂತ, "ಆಯ್ತಲ್ಲಮ್ಮಾ, ನಿಜ ಹೇಳಿದ್ರೂ ಶಾಲು ಬಿಡ್ಲಿಲ್ಲ ನಿನ್ನನ್ನ. ಇನ್ನು ಯಾವ ಪಾಪವೂ ಇಲ್ಲ. ಜಯಮ್ಮ ಇಲ್ಲ, ಯಾರ ಮಾನವೂ ಹೋಗಿಲ್ಲ. ನೀನು ಇಷ್ಟು ವರ್ಷ ಸುಮ್ಮನೆ ಕೊರಗಿದ್ದು" ಅಂದೆ.

ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಹುಟ್ಟದೇ ಇದ್ದೋಳಿಗೆ ಹೆದರ್ಕೊಂಡು ಬರೆಯೋದು ಬಿಟ್ಟೆನಲ್ಲೇ" ಅಂದಳು. "ಆವಾಗ ಎಷ್ಟಿತ್ತು ಗೊತ್ತಾ ಬರೆಯೋಕೆ? ಅದು ಯಾವ ರಷ್ಯದೋನ್ದೂ ಅಲ್ಲ, ಯಾವ ಮಿಸ್ ಹೇಳಿದ್ದೂ ಅಲ್ಲ. ಬರೀ ನಂದೇ. ಒಲೆ ಮುಂದೆ ಕೂತ್ರೆ ತಾನಾಗೇ ಬರ್ತಿತ್ತು."

ನಾನು ಅವಳ ಕೈ ಹಿಡಿದುಕೊಂಡೆ. "ಏನಿತ್ತಮ್ಮಾ? ಹೇಳು, ನಾನು ಬರ್ಕೋತೀನಿ."

ಅಮ್ಮ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದಳು. ತುಟಿ ಒಂದೆರಡು ಸಲ ಅಲುಗಿತು. ಹೈವೇ ಬಿಟ್ಟು ನಮ್ಮ ಬೀದಿಗೆ ತಿರುಗುವವರೆಗೂ ನಾನು ಕಾಯುತ್ತಿದ್ದೆ.

"ಮರ್ತುಹೋಯ್ತು ಕಣೆ" ಅಂದಳು.